ಹಳೆಯ ಶಾಂಪೇನ್, ವೈನ್ ಬಾಟಲಿಗೆ ಬೆಲೆ ಎಷ್ಟು? ಮಾರುವುದು ಎಲ್ಲಿ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ತೀರಿಕೊಂಡ ನಮ್ಮ ಮಾವನವರ ಮನೆಯಲ್ಲಿ ಶಾಂಪೇನ್ ಇತ್ತು: 1996ರ ಡಾಮ್ ಪೆರಿನ್ಯೋಂ ಎರಡು, 2002ರ ಕ್ರಿಸ್ಟಲ್ ಒಂದು, ಇಸವಿಯೇ ಇಲ್ಲದ ಮೊಯೆಟ್ ಆರು ಬಾಟಲಿ ಸಿಕ್ಕಿವೆ. ಅಂತರ್ಜಾಲದಲ್ಲಿ ಕಾಣುವ ಬೆಲೆ ನಮಗೂ ಸಿಕ್ಕೀತೆ?

ಉತ್ತರ: ಮೊಯೆಟ್ ಆರನ್ನೂ ಲೆಕ್ಕದಿಂದ ತೆಗೆದುಬಿಡಿ. ಇಸವಿ ಇಲ್ಲದ ಶಾಂಪೇನ್ ಹಲವು ವರ್ಷಗಳ ವೈನ್ ಬೆರೆಸಿ ಮಾಡಿದ್ದು, ಅಂಗಡಿಗೆ ಬಂದ ಕೆಲವು ವರ್ಷಗಳಲ್ಲಿ ಕುಡಿಯಲೆಂದೇ ಇರುವಂಥದ್ದು. ಹಳೆಯದಾದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಉಳಿದ ಮೂರು ಬಾಟಲಿಗಳ ಮಾತೇ ಬೇರೆ. 1996 ಮತ್ತು 2002 ಎರಡೂ ಶಾಂಪೇನ್ ಪ್ರಾಂತ್ಯದಲ್ಲಿ ಹೆಸರು ಮಾಡಿದ ವರ್ಷಗಳು.

ನೀವು ನೋಡಿದ್ದು ಅಂಗಡಿಯವರು ಕೇಳುವ ಬೆಲೆ. ಬಹಳಷ್ಟು ಸಲ ಅದರಲ್ಲಿ 20% ವ್ಯಾಟ್ ಕೂಡ ಸೇರಿರುತ್ತದೆ. ಅದನ್ನು ಬಿಟ್ಟು, ಹರಾಜು ಸಂಸ್ಥೆಗಳು ಪ್ರಕಟಿಸುವ ಹಿಂದಿನ ಹರಾಜುಗಳ ಫಲಿತಾಂಶ ನೋಡಿ. ಅಲ್ಲೂ ಒಂದು ಎಚ್ಚರ ಬೇಕು: ಕೆಲವರು ಕೂಗಿನ ಕೊನೆಯ ಬೆಲೆ ಹಾಕುತ್ತಾರೆ, ಕೆಲವರು ಕೊಳ್ಳುವವರ ಕಮಿಷನ್ ಸೇರಿಸಿ ಹಾಕುತ್ತಾರೆ. ಕೂಗು 200 ಪೌಂಡ್‌ಗೆ ನಿಂತಿತು ಎಂದುಕೊಳ್ಳಿ. ಮಾರುವವರ ಕಮಿಷನ್ 12% ಇದ್ದರೆ 24 ಪೌಂಡ್, ಅದರ ಮೇಲೆ ವ್ಯಾಟ್ 4.80. ನಿಮ್ಮ ಕೈಗೆ ಬರುವುದು 171.20. ವಿಮೆ, ಫೋಟೊ ಖರ್ಚು ಬೇರೆ ಇದೆಯೇ, ಮಾರಾಟವಾಗದಿದ್ದರೆ ಏನು ವಸೂಲು ಮಾಡುತ್ತಾರೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಬಾಟಲಿಗಳನ್ನು ಒರೆಸಲು ಹೋಗಬೇಡಿ. ಒದ್ದೆ ಬಟ್ಟೆ ತಾಗಿದರೆ ಲೇಬಲ್ಲಿನ ಶಾಯಿ ಹರಡುತ್ತದೆ, ಕಾಗದ ಏಳುತ್ತದೆ. ಧೂಳು ಇದ್ದರೆ ಯಾರೂ ಬೆಲೆ ಕಡಿಮೆ ಮಾಡುವುದಿಲ್ಲ. ನೆಟ್ಟಗೆ ನಿಲ್ಲಿಸಿ, ಕತ್ತಿನ ಫಾಯಿಲ್ ಮುಗಿಯುವ ಜಾಗದಿಂದ ವೈನ್ ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂದು ಅಳೆಯಿರಿ. ಮುಂದಿನ ಲೇಬಲ್, ಹಿಂದಿನ ಲೇಬಲ್, ಫಾಯಿಲ್, ವೈನ್ ಮಟ್ಟ, ಪೆಟ್ಟಿಗೆ ಇಷ್ಟರ ಫೋಟೊ ತೆಗೆಯಿರಿ. ಡಾಮ್ ಪೆರಿನ್ಯೋಂ ಲೇಬಲ್ಲಿನಲ್ಲಿ 'ಈನೋತೆಕ್' ಎಂದಿದೆಯೇ ನೋಡಿ. ಅದು ಕಂಪನಿಯ ನೆಲಮಾಳಿಗೆಯಲ್ಲೇ ಹೆಚ್ಚು ಕಾಲ ಮಾಗಿಸಿ ತಡವಾಗಿ ಹೊರಬಿಟ್ಟ ಸರಕು, ಬೆಲೆಯೂ ಬೇರೆ.

ಕ್ರಿಸ್ಟಲ್ ಬಾಟಲಿಗೆ ಸುತ್ತಿರುವ ಹಳದಿ ಸೆಲೋಫೇನ್ ಅಂದಕ್ಕೆ ಹಾಕಿದ್ದಲ್ಲ. ಆ ಬಾಟಲಿಯದು ಬಣ್ಣವಿಲ್ಲದ ಗಾಜು. ಬೆಳಕು ನೇರ ಬಿದ್ದರೆ ವೈನಿನಲ್ಲಿರುವ ರೈಬೋಫ್ಲಾವಿನ್ ಕೆರಳಿ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ, ಬೆಂದ ಎಲೆಕೋಸಿನ ವಾಸನೆ ಬರುತ್ತದೆ. ಸೆಲೋಫೇನ್ ಬಿಚ್ಚಬೇಡಿ. ಮೊದಲೇ ಬಿಚ್ಚಿಟ್ಟಿದ್ದರೆ ಅದನ್ನು ಮರೆಮಾಚದೆ ಹೇಳಿ.

ಪರವಾನಗಿ ಇಲ್ಲದೆ ಮದ್ಯ ಮಾರುವುದಕ್ಕೆ ಅಲ್ಲಿನ 2003ರ ಲೈಸೆನ್ಸಿಂಗ್ ಕಾಯ್ದೆ ಅಡ್ಡಬರುತ್ತದೆ. ಹರಾಜು ಸಂಸ್ಥೆ ಅಥವಾ ಪರವಾನಗಿ ಇರುವ ವೈನ್ ವ್ಯಾಪಾರಿಯ ಮೂಲಕವೇ ಹೋಗಿ. ವ್ಯಾಪಾರಿ ಕೊಡುವುದು ಸ್ವಲ್ಪ ಕಡಿಮೆ, ಆದರೆ ಹಣ ಬೇಗ ಬರುತ್ತದೆ. ಮೂರೇ ಬಾಟಲಿಗೆ ಅದೇ ವಾಸಿ.

ಪ್ರಶ್ನೆ: ಲಂಡನ್ನಿನ ವ್ಯಾಪಾರಿಯೊಬ್ಬರಿಂದ ಕೊಂಡ 2000ದ ಶಾತೋ ಲಿಂಚ್ ಬಾಜ್ ವೈನ್ 12 ಬಾಟಲಿ, ಸುಂಕ ಕಟ್ಟದೆ ಸರಕು ಇಡುವ ಬಾಂಡೆಡ್ ಗೋದಾಮಿನಲ್ಲಿದೆ. ಮನೆಗೆ ತರಿಸಿ, ನೋಡಿ, ಆಮೇಲೆ ಮಾರಲೇ?

ಉತ್ತರ: ಖಂಡಿತ ಬೇಡ. ಗೋದಾಮಿನ ಬಾಗಿಲು ದಾಟಿದ ಕೂಡಲೇ ಸುಂಕ, ವ್ಯಾಟ್ ಎರಡೂ ಕಟ್ಟಬೇಕು. ಇಷ್ಟು ವರ್ಷ ಒಂದೇ ತಂಪಿನಲ್ಲಿತ್ತು ಎಂಬ ದಾಖಲೆಯ ಸರಪಳಿಯೂ ಅಲ್ಲಿಗೆ ಕಡಿಯುತ್ತದೆ. ಕೊಳ್ಳುವವನು ದುಡ್ಡು ಕೊಡುವುದು ಆ ದಾಖಲೆಗೂ ಸೇರಿಯೇ. ಶುಲ್ಕ ಕೊಟ್ಟರೆ ಗೋದಾಮಿನವರೇ ಫೋಟೊ ಸಹಿತ ಸ್ಥಿತಿಯ ವರದಿ ಕೊಡುತ್ತಾರೆ. ನೀವು ಕೊಂಡ ವ್ಯಾಪಾರಿಯೇ ಕಮಿಷನ್ನಿಗೆ ಮಾರಿಕೊಡಬಹುದು. ಆಗ ಸರಕು ಅಲುಗುವುದಿಲ್ಲ, ಖಾತೆಯಲ್ಲಿ ಹೆಸರಷ್ಟೇ ಬದಲಾಗುತ್ತದೆ. ಲಂಡನ್ನಿನ ಲಿವ್-ಎಕ್ಸ್ ವಿನಿಮಯ ಕೇಂದ್ರದಲ್ಲಿ ವ್ಯಾಪಾರಿಗಳಷ್ಟೇ ವಹಿವಾಟು ಮಾಡಬಹುದು, ನೀವು ನೇರ ಹೋಗಲಾಗದು. ಮರದ ಮೂಲ ಪೆಟ್ಟಿಗೆಯಿಂದ ಒಂದೆರಡು ಕುಡಿದು ಉಳಿದದ್ದನ್ನು ಮಾರುವ ಯೋಚನೆ ಇದ್ದರೆ ಕೈಬಿಡಿ. ಪೂರ್ತಿ ಪೆಟ್ಟಿಗೆಗಿರುವ ಬೆಲೆ ಬಿಡಿ ಬಾಟಲಿಗೆ ಬರುವುದಿಲ್ಲ.

ಪ್ರಶ್ನೆ: ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ 1982ರ ಬಾಟಲಿಯೊಂದರಲ್ಲಿ ವೈನ್ ಮಟ್ಟ ಇಳಿದಿದೆಯೆಂದು ವ್ಯಾಪಾರಿ ಬೆಲೆ ತಗ್ಗಿಸಿದರು. ನ್ಯಾಯವೇ?

ಉತ್ತರ: ಎಲ್ಲಿಗೆ ಇಳಿದಿದೆ ಎಂಬುದರ ಮೇಲಿದೆ. ಬೋರ್ಡೋ ಬಾಟಲಿಗೆ ಎದ್ದುಕಾಣುವ ಭುಜವಿದೆ. ಕಾರ್ಕ್ ಮೂಲಕ ವೈನ್ ನಿಧಾನವಾಗಿ ಆರುವುದರಿಂದ ಆ ವಯಸ್ಸಿಗೆ ಕತ್ತಿನ ಬುಡದವರೆಗೆ ಇದ್ದರೆ ಬಹಳ ಚೆನ್ನ, ಭುಜದ ಮೇಲ್ತುದಿಯಲ್ಲಿದ್ದರೂ ತಕರಾರಿಲ್ಲ. ಭುಜದ ಮಧ್ಯಕ್ಕೆ ಬಂದಿದ್ದರೆ ಗಾಳಿ ಸೇರಿ ವೈನ್ ಕೆಟ್ಟಿರುವ ಸಂಭವ ಹೆಚ್ಚು, ಬೆಲೆ ಇಳಿಸಿದ್ದು ಸರಿಯೇ. ಫ್ರಾನ್ಸಿನದೇ ಬರ್ಗಂಡಿ ಪ್ರಾಂತ್ಯದ ಬಾಟಲಿಗೆ ಅಂಥ ಭುಜ ಇಲ್ಲ, ಅಲ್ಲಿ ಕಾರ್ಕಿನಿಂದ ಕೆಳಕ್ಕೆ ಸೆಂಟಿಮೀಟರ್ ಲೆಕ್ಕ. ಕಾರ್ಕ್ ಮೇಲೆದ್ದಿದ್ದರೆ, ಫಾಯಿಲ್ ಅಂಚಿನಲ್ಲಿ ಅಂಟು ಕಲೆ ಇದ್ದರೆ ಬಿಸಿ ತಾಗಿದೆ ಎಂದೇ ಅನುಮಾನಿಸಬೇಕು.

ಪ್ರಶ್ನೆ: ರಸೀದಿ ಇಲ್ಲದ ಬಾಟಲಿ ತೆಗೆದುಕೊಳ್ಳುತ್ತಾರೆಯೇ?

ಉತ್ತರ: ಸಾಧಾರಣ ಬೆಲೆಯದಾದರೆ ತೆಗೆದುಕೊಂಡಾರು. ದುಬಾರಿ ಬರ್ಗಂಡಿಯಾದರೆ ಕಷ್ಟ. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಪೊನ್ಸೋ ಮನೆತನದ ಕ್ಲೋ ಸಾಂ ದೆನಿ ವೈನ್ 1945ರಿಂದ 1971ರವರೆಗಿನ ಇಸವಿಗಳೊಂದಿಗೆ ಬಂದಿತ್ತು. ಆ ಮನೆತನ ಆ ವೈನ್ ಮಾಡತೊಡಗಿದ್ದೇ 1982ರಲ್ಲಿ! ಅದರ ಹಿಂದಿದ್ದ ನಕಲಿ ವೈನ್ ವ್ಯಾಪಾರಿ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ 10 ವರ್ಷ ಸೆರೆವಾಸ ವಿಧಿಸಲಾಯಿತು. ಆಮೇಲಿನಿಂದ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಲ್ಲಿಂದ ಬಂತು? ಹಳೆಯ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಉಪಯೋಗಕ್ಕೆ ಬರುತ್ತವೆ, ಹುಡುಕಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಅಟ್ಟದಲ್ಲಿ ವಿದೇಶದಿಂದ ತಂದ ಹಳೆಯ ಕೆಂಪು ವೈನ್ ಮೂರು ಬಾಟಲಿ ಇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾರಬಹುದೇ?

ಉತ್ತರ: ಮಾರುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಒಂದು ಬಾಟಲಿ ಮಾರಿದರೂ ಅಪರಾಧವೇ. ಲಂಡನ್ನಿಗೆ ಕಳಿಸಿ ಹರಾಜು ಹಾಕಿಸುತ್ತೇನೆಂದರೂ ಸಾಗಣೆ ಖರ್ಚು ಗಿಟ್ಟದು. ವೈನ್ ಬಯಸುವುದು 10ರಿಂದ 13 ಡಿಗ್ರಿಯ ಸ್ಥಿರ ತಂಪು. ಅಟ್ಟದ ಬೇಸಿಗೆ ಕಂಡ ಬಾಟಲಿಯನ್ನು ಹರಾಜಿನವರು ಮುಟ್ಟುವುದೂ ಇಲ್ಲ. ತೆರೆದು ಕುಡಿಯಿರಿ. ಒಂದು ದಿನ ನೆಟ್ಟಗೆ ನಿಲ್ಲಿಸಿ ಗಷ್ಟು ತಳಕ್ಕಿಳಿಯಲು ಬಿಡಿ. ಹಳೆಯ ಕಾರ್ಕಿಗೆ ತಿರುಪಿನ ಓಪನರ್ ಹಾಕಿದರೆ ಪುಡಿಯಾಗುತ್ತದೆ. ಎರಡು ತೆಳು ಅಲಗಿನ ಓಪನರ್ ಸಿಗುತ್ತದೆ. ಅಲಗುಗಳನ್ನು ಕಾರ್ಕಿನ ಎರಡೂ ಪಕ್ಕ ಇಳಿಸಿ, ತಿರುಗಿಸುತ್ತ ಮೆಲ್ಲಗೆ ಎಳೆಯಿರಿ.