ಸಂಪಾದಕರ ಉತ್ತರ: ಊರಲ್ಲೇ ಕೆಲಸವಿರುವಾಗ ಗಲ್ಫ್ ಏಕೆ?

ಕುಂದಾಪುರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಊರಿನ ಕಟ್ಟಡಗಳಲ್ಲಿ ದುಡಿಯಲು ಒಡಿಶಾ, ಜಾರ್ಖಂಡದವರು ಬರುತ್ತಾರೆ. ನಮ್ಮ ಹುಡುಗರು ಅದೇ ಕೆಲಸಕ್ಕೆ ಗಲ್ಫಿಗೆ ಹೋಗುತ್ತಾರೆ. ಇದು ದುಡ್ಡಿನ ಆಸೆಯಲ್ಲದೆ ಮತ್ತೇನು?"

ಮಾನ್ಯರೇ,

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ 'ಆಸೆ' ಎಂಬ ಮಾತನ್ನು ನಾನು ಒಪ್ಪಲಾರೆ. ಒಡಿಶಾದಿಂದ ನಿಮ್ಮೂರಿಗೆ ಬರುವವರದೂ ನಿಮ್ಮೂರಿನಿಂದ ದುಬೈಗೆ ಹೋಗುವವರದೂ ಲೆಕ್ಕಾಚಾರ ಒಂದೇ: ಊರಿನ ದುಡಿಮೆ ಊರಿನ ಖರ್ಚಿಗೇ ಸರಿಹೋಗುತ್ತದೆ, ಇಡಿಗಂಟು ಕೈಗೆ ಹತ್ತುವುದಿಲ್ಲ.

ನಮ್ಮ ನೆರೆಯ ಸಾರಣೆ ಕೆಲಸದವರೊಬ್ಬರು ಎಂಟು ವರ್ಷ ಶಾರ್ಜಾದಲ್ಲಿದ್ದರು. ಅವರು ಜೋಪಾನವಾಗಿಟ್ಟಿರುವ ಲೆಕ್ಕದ ಪುಸ್ತಕದಲ್ಲಿ ಮೊದಲ ಹದಿನಾಲ್ಕು ತಿಂಗಳು ಕಾಣುವುದು ಒಂದೇ ಬಾಬತ್ತು: 'ಸೊಸೈಟಿ, ಬಳೆ'. ವೀಸಾದ ಹಣಕ್ಕಾಗಿ ಹೆಂಡತಿಯ ಬಳೆ ಅಡವಿಟ್ಟು ಹೋಗಿದ್ದರು. ಅದನ್ನು ಬಿಡಿಸಿಕೊಂಡ ಮೇಲೆ ತಂಗಿಯ ಮದುವೆ, ಆಮೇಲೆ ಮನೆಯ ಕಲ್ಲು, ಜಲ್ಲಿ, ಸಿಮೆಂಟು. ಊರಿನಲ್ಲಿ ಅವರ ದಿನಗೂಲಿ ಕಡಿಮೆಯೇನೂ ಇರಲಿಲ್ಲ. ಆದರೆ ಜೂನ್ ಬಂತೆಂದರೆ ಹೊರಗಿನ ಸಾರಣೆ ನಿಂತು, ಬೇಸಿಗೆಯಲ್ಲಿ ಉಳಿಸಿದ್ದು ಸೋನೆ ತಿಂಗಳ ಅಂಗಡಿ ಸಾಲಕ್ಕೆ ಹೋಗುತ್ತಿತ್ತು. ಅಲ್ಲಿ ಹನ್ನೆರಡು ತಿಂಗಳೂ ಸಂಬಳ, ಕ್ಯಾಂಪಿನಲ್ಲಿ ವಸತಿ, ಸಂಬಳದ ಮೇಲೆ ತೆರಿಗೆಯಿಲ್ಲ.

ವಿನಿಮಯ ದರದ ಪಾತ್ರವೂ ಸಣ್ಣದಲ್ಲ. ದುಬೈ, ಶಾರ್ಜಾಗಳಿರುವ ಯುಎಇ ದೇಶ ತನ್ನ ದಿರ್ಹಮನ್ನು 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿಟ್ಟಿರುವುದರಿಂದ, ಡಾಲರಿನ ಎದುರು ರೂಪಾಯಿ ಕುಸಿದಾಗಲೆಲ್ಲ ದಿರ್ಹಮ್ ನಮಗೆ ತುಟ್ಟಿಯಾಗುತ್ತದೆ; ಆಗ ಸುಮಾರು 10 ರೂಪಾಯಿಯಿದ್ದ ದಿರ್ಹಮ್ ಈಗ 22 ದಾಟಿದೆ. ಹೀಗಾಗಿ ವರ್ಷಗಟ್ಟಲೆ ಸಂಬಳ ಏರದಿದ್ದರೂ ಮನೆಗೆ ಮುಟ್ಟುವ ರೂಪಾಯಿ ಏರುತ್ತದೆ. ಅಷ್ಟರಲ್ಲಿ ಇಲ್ಲಿನ ಸಿಮೆಂಟು, ಜಲ್ಲಿಯ ಬೆಲೆಯೂ ಏರಿರುತ್ತದೆ ಎಂಬುದು ಬೇರೆ ಮಾತು. 'ಇನ್ನೆರಡು ವರ್ಷ' ಎಂದವರು ಹತ್ತು ವರ್ಷ ಉಳಿಯುವುದು ಹೀಗೆ.

1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಹೆಚ್ಚಿದಾಗ ನಮ್ಮ ಕರಾವಳಿಯಿಂದಲೂ ಜನ ಹೊರಟರು. ಮೊದಲು ಹೋದವರು ತಮ್ಮನಿಗೆ, ಭಾವನಿಗೆ ವೀಸಾ ಕಳಿಸಿದರು.

ಅತಿ ಬಡವರು ಮಾತ್ರ ಗಲ್ಫಿಗೆ ಹೋಗುವುದು ಕಡಿಮೆ, ಏಕೆಂದರೆ ಅಡವಿಡಲು ಅವರ ಬಳಿ ಬಳೆ ಇರುವುದಿಲ್ಲ. ಅವರಿಗೆ ರೈಲಿನ ಟಿಕೆಟ್ ಮಾತ್ರ ಎಟುಕುತ್ತದೆ. ನಿಮ್ಮೂರಿಗೆ ಬರುವ ಎಷ್ಟೋ ಮಂದಿ ಅಂಥವರು. ಗಲ್ಫಿಗೆ ಕಳಿಸುವ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯಬಾರದೆಂಬ ನಿಯಮವಿದ್ದರೂ, ಅದರ ಹಲವು ಪಟ್ಟು ತೆತ್ತವರನ್ನು ನಾನು ಬಲ್ಲೆ. ಆ ಸಾಲ ತಲೆಯ ಮೇಲಿರುವ ತನಕ ಕಫೀಲ, ಎಂದರೆ ವೀಸಾ ಕೊಟ್ಟ ಅಲ್ಲಿನ ಧಣಿ, ಎಂಥವನಾದರೂ, ಸಂಬಳ ಮೂರು ತಿಂಗಳು ತಡವಾದರೂ ಬಾಯಿಮುಚ್ಚಿ ದುಡಿಯಬೇಕು. ನನಗೆ ನಿಜವಾಗಿ ಸಂಕಟವಾಗುವುದು ಹುಡುಗರು ಹೊರಡುವುದನ್ನು ಕಂಡಲ್ಲ, ಹೀಗೆ ಸಾಲ ಹೊತ್ತು ಹೊರಡುವುದನ್ನು ಕಂಡು.

ನಿಮಗೆ ಗೊತ್ತಿರುವವರು ಯಾರಾದರೂ ಈ ವರ್ಷ ಹೊರಟಿದ್ದರೆ ದಯವಿಟ್ಟು ಒಂದು ಮಾತು ಹೇಳಿ: ಹಣ ಕೊಡುವ ಮೊದಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ನೋಡಿಕೊಳ್ಳಲಿ, ಮತ್ತು ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ 10 ಲಕ್ಷದ ವಿಮೆ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯ ಪ್ರತಿಯೊಂದನ್ನು ಮನೆಯಲ್ಲಿ ಬಿಟ್ಟು ಹೋಗಲಿ.

— ಸಂ.