ಪಂಪಿಗೆ ಹತ್ತಿದ ನೇರಳೆ ಕಲ್ಲಿಗೇಕೆ ಹತ್ತುತ್ತಿಲ್ಲ?

ಪ್ರಶ್ನೆ: ನನ್ನದು 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ. ಎಂಟು ತಿಂಗಳ ಹಿಂದೆ ಪೂರ್ತಿ ಡ್ರೈ ರಾಕ್ (ಜೀವಿಗಳಿಲ್ಲದ ಒಣಕಲ್ಲು) ಹಾಕಿ ಶುರು ಮಾಡಿದೆ. ಎರಡು ಕ್ಲೌನ್ ಮೀನು, ನಾಲ್ಕೈದು ಮೆದು ಹವಳ ಇವೆ. ಕ್ಯಾಲ್ಸಿಯಂ 430, ಅಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟ್‌ಗಳ ಅಳತೆ) 8.3 ಡಿಕೆಎಚ್, ಮೆಗ್ನೀಸಿಯಂ 1300, ನೈಟ್ರೇಟ್ 8, ಫಾಸ್ಫೇಟ್ 0.18 ಪಿಪಿಎಂ. ಎರಡು ತಿಂಗಳಿಂದ ಪಂಪಿನ ಮೇಲೆ, ಹಿಂಬದಿಯ ಗಾಜಿನ ಮೇಲೆ ಕೋರಲೈನ್ ಪಾಚಿಯ ನೇರಳೆ ಚುಕ್ಕೆಗಳು ಕಾಣುತ್ತಿವೆ. ಕಲ್ಲಿನ ಮೇಲೆ ಮಾತ್ರ ಒಂದೂ ಇಲ್ಲ. ಅಲ್ಲಿರುವುದು ಕಂದು ಪದರ, ಅಲ್ಲಲ್ಲಿ ಕೂದಲಿನಂಥ ಹಸಿರು ಪಾಚಿ. ಬಾಟಲಿಯ ಕೋರಲೈನ್ ಎರಡು ಸಲ ಸುರಿದೆ, ಪ್ರಯೋಜನವಾಗಲಿಲ್ಲ. ಮೆಗ್ನೀಸಿಯಂ 1500ಕ್ಕೆ ಏರಿಸಿ ಎನ್ನುತ್ತಾರೆ ಪರಿಚಯದವರೊಬ್ಬರು. ಕಲ್ಲನ್ನೆಲ್ಲ ಹೊರತೆಗೆದು ಆಸಿಡ್‌ನಲ್ಲಿ ತೊಳೆಯಿರಿ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಎರಡೂ ಬೇಡ. ಪಂಪಿನ ಮೇಲಿನ ಆ ಚುಕ್ಕೆಗಳನ್ನು ಇನ್ನೊಮ್ಮೆ ನೋಡಿ. ನಿಮ್ಮ ನೀರಿನಲ್ಲಿ ಕೋರಲೈನ್ ಬೀಜಕಗಳು ಜೀವಂತವಾಗಿವೆ, ಸುಣ್ಣ ಕಟ್ಟಿಕೊಳ್ಳಲು ಬೇಕಾದ ಕ್ಯಾಲ್ಸಿಯಂ ಇದೆ, ಬೆಳಕೂ ಸಾಕಷ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನೀರು ಪರೀಕ್ಷೆಯಲ್ಲಿ ಪಾಸಾಗಿದೆ. ತೊಡಕಿರುವುದು ಕಲ್ಲಿನ ಮೈಯಲ್ಲಿ. ಹಾಗಾಗಿ ನೀರಿಗೆ ಇನ್ನೇನು ಸುರಿಯಲಿ ಎಂದು ಯೋಚಿಸುವುದನ್ನು ಇವತ್ತೇ ಬಿಡಿ.

ಕೋರಲೈನ್ ಎಂದರೆ ಕೆಂಪು ಪಾಚಿಗಳ ಒಂದು ಗುಂಪು. ಇವು ತಮ್ಮ ಕೋಶಗಳ ಗೋಡೆಯೊಳಗೇ ಸುಣ್ಣ ತುಂಬಿಕೊಂಡು ಕಲ್ಲಿನಷ್ಟು ಗಟ್ಟಿಯಾಗುತ್ತವೆ. ಎಷ್ಟು ಗಟ್ಟಿಯೆಂದರೆ, 18ನೇ ಶತಮಾನದಲ್ಲಿ ಲಿನೇಯಸ್ ಇವುಗಳನ್ನು ಹವಳಗಳ ಜೊತೆ ಪ್ರಾಣಿಗಳ ಸಾಲಿಗೇ ಸೇರಿಸಿಬಿಟ್ಟಿದ್ದರು. ಇವು ಸಸ್ಯಗಳೆಂದು ಜರ್ಮನ್ ನಿಸರ್ಗವಿಜ್ಞಾನಿ ರುಡಾಲ್ಫ್ ಫಿಲಿಪ್ಪಿ ಹೇಳಿದ್ದು 1837ರಲ್ಲಿ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದಿದೆ: ಕೆಂಪು ಪಾಚಿಗಳ ಬೀಜಕಕ್ಕೆ ಈಜಲು ಬಾಲವಿಲ್ಲ. ಹಸಿರು ಪಾಚಿಗಳ ಎಷ್ಟೋ ಬೀಜಕಗಳು ತಾವೇ ಈಜಿ ಜಾಗ ಹುಡುಕಿಕೊಳ್ಳುತ್ತವೆ. ಕೋರಲೈನ್ ಬೀಜಕಕ್ಕೆ ಆ ಭಾಗ್ಯವಿಲ್ಲ. ನೀರು ಎಲ್ಲಿ ಒಯ್ದು ಬಿಡುತ್ತದೋ ಅಲ್ಲೇ ಅಂಟಿಕೊಳ್ಳಬೇಕು. ಅಂಟಿಕೊಂಡ ಮೇಲೆ ಮೊದಲ ಕೆಲವು ವಾರ ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಬಿಲ್ಲೆ. ಆ ಹೊತ್ತಿನಲ್ಲಿ ಮೇಲೆ ಕಂದು ಪದರ ಹರಡಿದರೆ, ಕೂದಲು ಪಾಚಿ ನೆರಳು ಹಾಸಿದರೆ, ಹಿಟ್ಟಿನಂಥ ಕೊಳೆ ಕೂತರೆ, ಬಿಲ್ಲೆ ಉಸಿರುಗಟ್ಟಿ ಸಾಯುತ್ತದೆ.

ಪಂಪಿನ ಪ್ಲಾಸ್ಟಿಕ್ ನುಣುಪು. ಅದರ ಒಳಗಿಂದ ಏನೂ ಒಸರುವುದಿಲ್ಲ. ತೊಟ್ಟಿಯ ನೀರೆಲ್ಲ ಅದರ ಪಕ್ಕದಲ್ಲೇ ಹಾಯುವುದರಿಂದ ಬೀಜಕಗಳೂ ಹೆಚ್ಚು ಸಿಗುತ್ತವೆ, ಕೊಳೆಯೂ ಕೂರುವುದಿಲ್ಲ. ಒಣಕಲ್ಲಿನದು ತದ್ವಿರುದ್ಧ ಕಥೆ. ಅದರಲ್ಲಿ ಬಹುಪಾಲು ಹಳೆಯ ಹವಳ ದಿಬ್ಬದ ಸುಣ್ಣ. ಸುಣ್ಣದ ಕಲ್ಲಿಗೆ ಫಾಸ್ಫೇಟ್ ಅಂಟಿಕೊಳ್ಳುವ ಗುಣವಿದೆ, ರಂಧ್ರಗಳಲ್ಲಿ ಒಣಗಿದ ಜೀವಿಗಳ ಶೇಷವೂ ಇರಬಹುದು. ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದಂತೆಲ್ಲ ಕಲ್ಲು ತನ್ನಲ್ಲಿರುವುದನ್ನು ಹೊರಗೆ ಬಿಡುತ್ತದೆ. ಅದು ಮೊದಲು ಸಿಗುವುದು ಕಲ್ಲಿನ ಮೈಗೇ ಬೇರೂರಿರುವ ಕೂದಲು ಪಾಚಿಗೆ. ಹಾಗಾಗಿ ಉಳಿದ ಕಡೆಗಿಂತ ಅಲ್ಲೇ ಅದು ಹುಲುಸು.

ನಿಮ್ಮ 0.18 ಕಲ್ಲಿನಿಂದ ಬರುತ್ತಿದೆಯೇ, ಮೀನಿನ ಆಹಾರದಿಂದಲೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಮಾಡಿ. ಕಾಲುಭಾಗ ನೀರು ಬದಲಿಸಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಆಮೇಲೆ ಆಹಾರವನ್ನು ತೀರಾ ಕಡಿಮೆ ಮಾಡಿ ಮೂರನೇ ದಿನ ಮತ್ತೆ ಅಳೆಯಿರಿ. ಇಳಿದ ಅಂಕಿ ಹೆಚ್ಚೂ ಕಡಿಮೆ ಮೊದಲಿನ ಜಾಗಕ್ಕೇ ಏರಿದ್ದರೆ ಕೊಡುತ್ತಿರುವುದು ಕಲ್ಲು.

ಫಾಸ್ಫೇಟ್ ಎರಡು ಕಡೆಯಿಂದ ಹೊಡೆಯುತ್ತದೆ. ಕೂದಲು ಪಾಚಿಯನ್ನು ಸಾಕುವುದು ಒಂದು. ಬೆಳೆಯುತ್ತಿರುವ ಸುಣ್ಣದ ಹರಳಿಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನೇ ತಡೆಯುವುದು ಇನ್ನೊಂದು. ಹಾಗೆಂದು 0.18 ಗಾಬರಿಪಡುವ ಅಂಕಿಯೇನಲ್ಲ. 0.05ರಿಂದ 0.1ರ ನಡುವೆ ತಂದು ನಿಲ್ಲಿಸಿದರೆ ಸಾಕು. ಫಾಸ್ಫೇಟ್ ಹೀರುವ ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು) ಬಳಸುವುದಾದರೆ ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಿಂದ ಶುರು ಮಾಡಿ, ವಾರಕ್ಕೊಮ್ಮೆ ಅಳೆಯಿರಿ. ಕಲ್ಲಿನಲ್ಲಿ ದಾಸ್ತಾನು ಇರುವವರೆಗೆ ಅಂಕಿ ಮತ್ತೆ ಮತ್ತೆ ಏರುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು, ಧೃತಿಗೆಡಬೇಡಿ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಸೊನ್ನೆಗೆ ಇಳಿಸಬೇಡಿ. ಒಣಕಲ್ಲಿನ ಹೊಸ ತೊಟ್ಟಿಯಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದಾಗಲೇ ಡೈನೋಫ್ಲಾಜಲೇಟ್‌ ಎಂಬ ಏಕಕೋಶ ಜೀವಿಗಳು ಎದ್ದು ಬರುವುದು. ಗುಳ್ಳೆ ಹಿಡಿದ ಆ ಕಂದು ಲೋಳೆಯ ಕೆಲವು ಜಾತಿಗಳಲ್ಲಿ ವಿಷವಿದೆ, ಬಸವನಹುಳುಗಳು ಅದರಿಂದ ಸಾಯುತ್ತವೆ. ಕೂದಲು ಪಾಚಿಯ ಜೊತೆ ವರ್ಷ ಕಳೆಯಬಹುದು, ಇದರ ಜೊತೆ ಒಂದು ತಿಂಗಳೂ ಕಷ್ಟ.

ಆಸಿಡ್ ವಿಷಯ. ಅದು ಕಲ್ಲಿನ ಹೊರಪದರವನ್ನು ಕರಗಿಸಿ ಅಲ್ಲಿದ್ದ ಫಾಸ್ಫೇಟನ್ನೂ ಒಯ್ಯುತ್ತದೆ, ನಿಜ. ಆದರೆ ಆ ಕೆಲಸಕ್ಕೆ ಸಮಯ ಕಲ್ಲು ತೊಟ್ಟಿಗಿಳಿಯುವ ಮುಂಚೆ. ಎಂಟು ತಿಂಗಳಲ್ಲಿ ನಿಮ್ಮ ಕಲ್ಲಿನ ರಂಧ್ರಗಳಲ್ಲಿ ನೆಲೆಯಾದ ಬ್ಯಾಕ್ಟೀರಿಯಾಗಳೇ ಮೀನಿನ ಅಮೋನಿಯವನ್ನು ನೈಟ್ರೇಟ್ ಆಗಿಸುತ್ತಿರುವುದು. ಈಗ ಆಸಿಡ್‌ಗೆ ಹಾಕಿದರೆ ಅವೆಲ್ಲ ಹೋಗಿ, ತೊಟ್ಟಿ ಮೊದಲ ದಿನಕ್ಕೆ ಮರಳುತ್ತದೆ. ಮೀನಿರುವಾಗ ಅದು ಅಪಾಯ.

ಮೆಗ್ನೀಸಿಯಂ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಈ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಕೋರಲೈನ್ ಕಟ್ಟಿಕೊಳ್ಳುವುದು ಮೆಗ್ನೀಸಿಯಂ ಹೆಚ್ಚಿರುವ ಕ್ಯಾಲ್ಸೈಟ್ ಎಂಬುದು ಸರಿ. ಆದರೆ ಸಮುದ್ರದ ನೀರಿನಲ್ಲೇ ಮೆಗ್ನೀಸಿಯಂ ಇರುವುದು 1300ರ ಆಸುಪಾಸು. ಸಮುದ್ರದ ಕೋರಲೈನ್ ಅಷ್ಟರಲ್ಲೇ ದಿಬ್ಬಗಳನ್ನು ಬೆಸೆದು ನಿಲ್ಲಿಸಿದೆ. ನಿಮ್ಮಲ್ಲಿ ಅಷ್ಟಿದೆ. ಅಂಕಿ ಏರಿಸುವುದಕ್ಕಿಂತ ಅಲ್ಕಲಿನಿಟಿಯನ್ನು ಅಲುಗದಂತೆ ಹಿಡಿಯುವುದು ಮುಖ್ಯ. 8.3 ಇದ್ದದ್ದು ಮುಂದಿನ ವಾರ 7, ಅದರ ಮುಂದಿನ ವಾರ 10 ಆಗುವ ತೊಟ್ಟಿಗಿಂತ, ವರ್ಷವಿಡೀ 7.5ರಲ್ಲೇ ನಿಂತ ತೊಟ್ಟಿಯಲ್ಲಿ ನೇರಳೆ ಚೆನ್ನಾಗಿ ಹರಡುತ್ತದೆ.

ಇನ್ನು ಮಾಡಬೇಕಾದ ಕೆಲಸಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಮೀನುಗಳಿವೆ, ಹವಳಗಳಿವೆ, ಬಸವನಹುಳುವಿನ ಹೆಸರೇ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬಿದ್ದ ಕೊರತೆ ಅದು. ಹವಳದ ದಿಬ್ಬದಲ್ಲಿ ಕೋರಲೈನ್ ಬದುಕುವುದೇ ಮೇಯುವ ಪ್ರಾಣಿಗಳ ಬಾಯಡಿಯಲ್ಲಿ. ಅವು ಮೇಲಿನ ಮೆತ್ತನೆ ಪಾಚಿಯನ್ನು ಕೆರೆದು ತಿನ್ನುತ್ತವೆ, ಕೆಳಗಿನ ಗಟ್ಟಿ ಪದರ ಉಳಿಯುತ್ತದೆ. ಕೋರಲೈನ್ ತಾನೂ ಮೇಲ್ಪದರದ ಕೋಶಗಳನ್ನು ಆಗಾಗ ಉದುರಿಸಿ ಮೈಮೇಲಿನ ಅಂಟುಗಳನ್ನು ಕಳಚಿಕೊಳ್ಳುತ್ತದೆ. ಆದರೆ ಆ ಶಕ್ತಿ ಬರುವುದು ಸ್ವಲ್ಪ ದಪ್ಪಗಾದ ಮೇಲೆ. ಆರಂಭದಲ್ಲಿ ಹೊರಗಿನ ಸಹಾಯ ಬೇಕೇ ಬೇಕು. ನಿಮ್ಮ ಅಳತೆಯ ತೊಟ್ಟಿಗೆ ಐದಾರು ಟ್ರೋಕಸ್ ಬಸವನಹುಳು ತನ್ನಿ. ಮಗುಚಿ ಬಿದ್ದರೂ ತಾವೇ ಎದ್ದು ನಿಲ್ಲುತ್ತವೆ ಎಂಬುದು ಇವುಗಳ ದೊಡ್ಡ ಗುಣ. ಸೀ ಅರ್ಚಿನ್ ಈಗಲೇ ಬೇಡ. ಅದು ಕೂದಲು ಪಾಚಿಯ ಜೊತೆ ಎಳೆಯ ಕೋರಲೈನನ್ನೂ ಕೆರೆದು ತಿಂದುಬಿಡುತ್ತದೆ.

ಬಸವನಹುಳುಗಳು ಬರುವ ಮುಂಚೆ ಉದ್ದ ಕೂದಲನ್ನು ಕೈಯಿಂದ ಕಿತ್ತುಬಿಡಿ, ಅಷ್ಟುದ್ದದ್ದನ್ನು ಅವು ಮುಟ್ಟುವುದಿಲ್ಲ. ಸೋಪು ಕಾಣದ ಹೊಸ ಹಲ್ಲುಜ್ಜುವ ಬ್ರಶ್ಶಿನಿಂದ ಕಲ್ಲನ್ನು ತೊಟ್ಟಿಯೊಳಗೇ ಉಜ್ಜಿ. ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದು ಎದ್ದ ಕೊಳೆಯನ್ನು ಆಗಲೇ ಹೀರಿಬಿಡಿ. ಒಂದು ದಿನಕ್ಕೆ ಒಂದೆರಡು ಕಲ್ಲು ಸಾಕು.

ಹೀಗೆ ಕಲ್ಲು ಸ್ವಚ್ಛವಾದ ದಿನವೇ ಬಿತ್ತನೆ. ಬಾಟಲಿ ಬೇಡ, ಬೀಜ ನಿಮ್ಮ ಹಿಂಬದಿಯ ಗಾಜಿನ ಮೇಲೇ ಇದೆ. ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ನಿಲ್ಲಿಸಿ, ಫಿಲ್ಟರ್ ಚೀಲ ತೆಗೆದಿಡಿ, ಪಂಪ್ ಓಡುತ್ತಿರಲಿ. ಬ್ಲೇಡಿನಿಂದ ಆ ಚುಕ್ಕೆಗಳಲ್ಲಿ ಅರ್ಧದಷ್ಟನ್ನು ಮಾತ್ರ ಕೆರೆದು ನೀರಿಗೆ ಬಿಡಿ. ಉಳಿದರ್ಧ ತಾಯಿಬೇರಿನಂತೆ ಅಲ್ಲೇ ಇದ್ದು ಬೀಜಕ ಬಿಡುತ್ತಿರಲಿ. ಮೂರು ನಾಲ್ಕು ಗಂಟೆ ಬಿಟ್ಟು ಎಲ್ಲವನ್ನೂ ಮೊದಲಿನಂತೆ ಹಾಕಿ. ಎರಡು ವಾರಕ್ಕೊಮ್ಮೆ ಹೀಗೆ ಮಾಡಿ. ಬೇರೆಯವರ ತೊಟ್ಟಿಯಿಂದ ನೇರಳೆ ಕಲ್ಲಿನ ಚೂರು ತಂದರೂ ಆಗುತ್ತದೆ, ಬೇಗವೂ ಆಗುತ್ತದೆ. ಆದರೆ ಅದರ ಜೊತೆ ಹವಳಗಳನ್ನು ಕುಟುಕುವ ಏಪ್ಟೇಸಿಯಾ ಎಂಬ ಪಿಡುಗಿನ ಅನಿಮೋನ್ ಬರಬಹುದು, ಮೀನಿಗೆ ಬಿಳಿಚುಕ್ಕೆ ರೋಗ ತರುವ ಪರಾವಲಂಬಿಯ ಕೋಶಗಳೂ ಕಲ್ಲಿಗೆ ಅಂಟಿ ಬರಬಹುದು. ಅದಕ್ಕಾಗಿ ಹವ್ಯಾಸಿಗಳು ಅಂಥ ಚೂರನ್ನು ಮೀನಿಲ್ಲದ ಬೇರೆ ತೊಟ್ಟಿಯಲ್ಲಿ 76 ದಿನ ಇಡುತ್ತಾರೆ. ಮನೆಯಲ್ಲೇ ಬೀಜವಿರುವಾಗ ನಿಮಗೆ ಆ ತಾಪತ್ರಯ ಏಕೆ?

ಬೆಳಕನ್ನು ಹೆಚ್ಚಿಸಬೇಡಿ. ನೇರಳೆ, ಗುಲಾಬಿ ಬಣ್ಣ ಕೊಡುವ ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯ ಆಳದವರೆಗೆ ಇಳಿಯುವ ನೀಲಿ ಮತ್ತು ಹಸಿರು ಬೆಳಕನ್ನು ಹಿಡಿಯುವುದರಲ್ಲಿ ಪಳಗಿದ್ದು. 1984ರಲ್ಲಿ ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ಕತ್ತಲೆ ಎಂದೇ ನಾವು ಕರೆಯುವ ಜಾಗದಲ್ಲಿ, ಕೋರಲೈನ್ ಸಿಕ್ಕಿತ್ತು. ನನ್ನ ಒಣಕಲ್ಲಿನ ತೊಟ್ಟಿಯಲ್ಲಿ ಮೊದಲ ಚುಕ್ಕೆ ಕಂಡಿದ್ದು ಏಳನೇ ತಿಂಗಳಲ್ಲಿ, ದೀಪದ ನೇರ ಬೆಳಕು ಬೀಳದ ಒಂದು ಚಾಚುಕಲ್ಲಿನ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು. ಟಾರ್ಚ್ ಹಿಡಿದು ಬಗ್ಗಿ ನೋಡಿದ್ದರಿಂದ ಕಂಡಿತು. ಆ ಸಂತೋಷ ಇನ್ನೂ ನೆನಪಿದೆ. ನೀವೂ ಕಲ್ಲಿನ ನೆತ್ತಿ ಬಿಟ್ಟು ಪಕ್ಕೆ, ನೆರಳು, ಸಂದುಗಳಲ್ಲಿ ಹುಡುಕಿ. ನೆತ್ತಿಗೆ ಅದು ಬರುವುದು ಕೊನೆಗೆ. ಈ ದಾರಿ ಹಿಡಿದ ಎರಡು ಮೂರು ತಿಂಗಳಲ್ಲಿ ಕಲ್ಲಿನ ಮೇಲೆ ಚುಕ್ಕೆಗಳು ಕಾಣಬೇಕು. ಪೂರ್ತಿ ಮೈ ಮುಚ್ಚಲು ಇನ್ನೊಂದು ವರ್ಷ ಕೊಡಿ.

ಪ್ರಶ್ನೆ: ಮೂರೇ ವಾರದಲ್ಲಿ ನನ್ನ ಒಣಕಲ್ಲಿನ ಅರ್ಧಭಾಗ ಕೆಂಪು ನೇರಳೆಯಾಗಿದೆ. ಇಷ್ಟು ಬೇಗ ಕೋರಲೈನ್ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಒಂದು ಪಿಪೆಟ್ಟಿನಿಂದ ನೀರು ಚಿಮ್ಮಿಸಿ ನೋಡಿ. ಹಾಳೆಯಂತೆ ಎದ್ದು ಬಂದರೆ ಅದು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಲೋಳೆ. ಕೋರಲೈನ್ ಉಗುರಿಗೂ ಬಗ್ಗುವುದಿಲ್ಲ, ಕೆರೆದ ಚೂರಿಗೆ ವಿನಿಗರ್ ಹನಿ ಬಿಟ್ಟರೆ ನೊರೆ ಏಳುತ್ತದೆ. ಲೋಳೆಯನ್ನು ಹೀರಿ ತೆಗೆಯಿರಿ, ನೀರಿನ ಓಟ ಹೆಚ್ಚಿಸಿ.

ಪ್ರಶ್ನೆ: ಮೂರು ವರ್ಷದ ತೊಟ್ಟಿ, ಕಲ್ಲು, ಗಾಜು ಎಲ್ಲ ನೇರಳೆ. ಗಟ್ಟಿ ಹವಳ ಒಂದೂ ಇಲ್ಲ. ಆದರೂ ಅಲ್ಕಲಿನಿಟಿ ದಿನಕ್ಕೆ 0.4 ಡಿಕೆಎಚ್ ಇಳಿಯುತ್ತದೆ, ಕ್ಯಾಲ್ಸಿಯಂ ಮಾತ್ರ ಅಲ್ಲೇ ಇದೆ. ಕಿಟ್ ಕೆಟ್ಟಿದೆಯೇ?

ಉತ್ತರ: ಕಿಟ್ ಸರಿಯಾಗಿಯೇ ಇದೆ. ತಿನ್ನುತ್ತಿರುವುದು ಕೋರಲೈನ್. ಸುಣ್ಣ ಕಟ್ಟುವಾಗ 2.8 ಡಿಕೆಎಚ್ ಅಲ್ಕಲಿನಿಟಿಗೆ ಸುಮಾರು 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ನಿಮ್ಮ ಲೆಕ್ಕದಲ್ಲಿ ವಾರಕ್ಕೆ ಸರಿಯಾಗಿ ಅಷ್ಟೇ. ಎಂಟರ ಆಸುಪಾಸಿನ ಅಲ್ಕಲಿನಿಟಿಯಲ್ಲಿ 2.8 ಹೋದರೆ ಮೂರನೇ ಒಂದು ಭಾಗ ಹೋದಂತೆ, ಅದು ಎದ್ದು ಕಾಣುತ್ತದೆ. 430 ಕ್ಯಾಲ್ಸಿಯಂನಲ್ಲಿ ದಿನಕ್ಕೆ ಮೂರು ಪಿಪಿಎಂ ಇಳಿದರೆ ಮನೆಯ ಕಿಟ್ಟಿಗೆ ಗೊತ್ತೇ ಆಗುವುದಿಲ್ಲ. ಎರಡನ್ನೂ ಸಮಪ್ರಮಾಣದಲ್ಲಿ ದಿನವೂ ಸ್ವಲ್ಪ ಸ್ವಲ್ಪ ಸೇರಿಸಿ, ತಿಂಗಳಿಗೊಮ್ಮೆ ಮೆಗ್ನೀಸಿಯಂ ನೋಡಿ. ಮುಂದಿನ ಗಾಜನ್ನು ವಾರಕ್ಕೊಮ್ಮೆ ಕೆರೆಯಿರಿ; ದಪ್ಪವಾಗಲು ಬಿಟ್ಟರೆ ತೆಗೆಯುವುದು ಕಷ್ಟ. ತೊಟ್ಟಿ ಅಕ್ರಿಲಿಕ್‌ನದಾದರೆ ಲೋಹದ ಬ್ಲೇಡ್ ಬೇಡವೇ ಬೇಡ. ಪಂಪ್ ಬಿಗಿಯಾಗತೊಡಗಿದರೆ ಹೊರತೆಗೆದು, ನೀರು ಬೆರೆಸಿದ ವಿನಿಗರಿನಲ್ಲಿ ಒಂದೆರಡು ಗಂಟೆ ನೆನೆಸಿ ತೊಳೆಯಿರಿ. ಹಿಂಬದಿಯ ಗಾಜನ್ನು ಕೋರಲೈನಿಗೇ ಬಿಟ್ಟುಕೊಡಿ.