ತಾರಸಿ ಮೇಲಿನ ಶೀಟ್ ರೂಮಿನಲ್ಲಿ ಮರಗೆಲಸ: ಬೇಸಿಗೆಗೆ ಕೂಲರ್ ತರಲಾ, ಎಸಿ ಹಾಕಿಸಲಾ?

ನೀವು ಕೇಳಿರುವುದು ಇಷ್ಟು ಅಲ್ವಾ: ಬೆಂಗಳೂರಿನಲ್ಲಿ ಮನೆ ತಾರಸಿ ಮೇಲೆ ಶೀಟ್ ಹೊದಿಸಿದ ಸಣ್ಣ ರೂಮು, ರಜೆ ದಿನ ಅದರಲ್ಲಿ ಮರಗೆಲಸ ಮಾಡುತ್ತೀರಿ, ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆ ಮೇಲೆ ಒಳಗೆ ನಿಲ್ಲೋಕೆ ಆಗುವುದಿಲ್ಲ, ಕೂಲರ್ ತರಬೇಕಾ ಎಸಿ ಹಾಕಿಸಬೇಕಾ. ಈಗಲೇ ಎರಡನ್ನೂ ತರಬೇಡಿ. ಮೊದಲು ತಲೆ ಮೇಲಿನ ಶೀಟಿಗೆ ಏನಾದರೂ ಮಾಡಿ. ನನ್ನದೂ ಇಂಥದ್ದೇ ರೂಮು. ಹನುಮಂತನಗರದಲ್ಲಿ, 10 ಅಡಿಗೆ 14 ಅಡಿ, ಸಿಮೆಂಟ್ ಶೀಟು. ಆರು ಬೇಸಿಗೆ ಅದರಲ್ಲೇ ಕಳೆದಿದ್ದೇನೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಸ್ಟೂಲ್ ಹತ್ತಿ, ಅಂಗೈಯನ್ನು ಶೀಟಿನಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ಮುಟ್ಟಬೇಡಿ. ದೋಸೆ ಹುಯ್ಯುವ ಮುಂಚೆ ಹೆಂಚು ಕಾದಿದೆಯಾ ಅಂತ ಕೈ ಹಿಡಿದು ನೋಡುತ್ತೇವಲ್ಲ, ಥೇಟ್ ಹಾಗೇ ಇರುತ್ತದೆ. ಆ ಕಾವು ಶೀಟಿನಿಂದ ನೇರವಾಗಿ ನಿಮ್ಮ ನೆತ್ತಿ, ಭುಜ, ಬೆಂಚು, ಬೆಂಚಿನ ಮೇಲಿಟ್ಟ ಉಳಿ ಎಲ್ಲದರ ಮೇಲೂ ಬೀಳುತ್ತಿರುತ್ತದೆ. ಕೂಲರ್ ತಣ್ಣಗೆ ಮಾಡುವುದು ಗಾಳಿಯನ್ನು. ಈ ಕಾವಿಗೆ ಗಾಳಿಯ ಹಂಗೇ ಇಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಯಾಕೆಂದರೆ ನನಗೆ ಬುದ್ಧಿ ಬಂದಿದ್ದೇ ಈ ಲೆಕ್ಕ ಹಾಕಿದ ಮೇಲೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಂದರೆ ನಮ್ಮ ಊರಿನಲ್ಲಿ ಬೇಸಿಗೆ ಬಿಸಿಲಿನ ಪೂರ್ತಿ ಪೆಟ್ಟು ತಿನ್ನುವುದು ಸೂರು, ಗೋಡೆಗಳಿಗೆ ಆ ಹೊತ್ತಿನಲ್ಲಿ ಹೆಚ್ಚೇನೂ ಬೀಳುವುದಿಲ್ಲ. ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 1000 ವಾಟ್ ಬಿಸಿಲು ಬೀಳುತ್ತದೆ. ನನ್ನ ಸೂರು 13 ಚದರ ಮೀಟರ್. ಹದಿಮೂರು ಇಸ್ತ್ರಿ ಪೆಟ್ಟಿಗೆ ಹಚ್ಚಿ ಸೂರಿನ ಮೇಲೆ ಸಾಲಾಗಿ ಇಟ್ಟ ಹಾಗೆ. ಎಲ್ಲವೂ ಒಳಗೆ ಇಳಿಯುವುದಿಲ್ಲ ನಿಜ, ಬಹಳಷ್ಟು ಹೊರಗಿನ ಗಾಳಿಗೇ ಹೋಗುತ್ತದೆ. ಆದರೆ ಒಂದು ಟನ್ ಎಸಿ ರೂಮಿನಿಂದ ಎಳೆದು ಹೊರಗೆ ಹಾಕುವ ಶಾಖವೇ ಸುಮಾರು 3.5 ಕಿಲೋವಾಟ್. ಬರೀ ಶೀಟಿನ ಕೆಳಗೆ ಎಸಿ ಹಾಕಿದರೆ ಅದು ಇಡೀ ದಿನ ಏದುಸಿರು ಬಿಡುತ್ತಾ ಓಡುತ್ತದೆ, ಬಿಲ್ಲು ನೀವು ಕಟ್ಟುತ್ತೀರಿ.

ನಾನು ಮೊದಲ ಬೇಸಿಗೆಯಲ್ಲಿ ಮಾಡಿದ ತಪ್ಪು ಹೇಳುತ್ತೇನೆ. ಸೀದಾ ಹೋಗಿ ಕೂಲರ್ ತಂದೆ. ತಂಪು ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲು ಎಲ್ಲಾ ಹಾಕಿಕೊಂಡೆ. ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ರೂಮು ಇಡ್ಲಿ ಪಾತ್ರೆಯ ಹಾಗಾಯಿತು. ಮಾರನೇ ದಿನ ಮರ ಹೆರೆಯುವ ಕಬ್ಬಿಣದ ಉಜ್ಜುಗೊರಡನ್ನು ತಿರುಗಿಸಿ ನೋಡಿದರೆ ತಳದಲ್ಲಿ ನನ್ನ ನಾಲ್ಕು ಬೆರಳಿನ ಗುರುತು, ಗೆರೆ ಗೆರೆಯಾಗಿ, ಕಂದು ತುಕ್ಕಿನಲ್ಲಿ ಅಚ್ಚೊತ್ತಿತ್ತು. ಬೆವರಿನ ಕೈಯಲ್ಲಿ ಹಿಡಿದಿದ್ದೆ, ಉಳಿದಿದ್ದನ್ನು ಕೂಲರಿನ ತೇವ ಮಾಡಿತು. ಅಳತೆಗೆ ಸರಿಯಾಗಿ ಕೂರಿಸಿದ್ದ ಡ್ರಾಯರ್ ಉಬ್ಬಿ ಸಿಕ್ಕಿಹಾಕಿಕೊಂಡಿತು. ಆ ಉಜ್ಜುಗೊರಡು ನಮ್ಮ ತಾತನದು. ಆ ದಿನ ನನಗಾದ ಸಂಕಟ ಈಗಲೂ ನೆನಪಿದೆ.

ಮುಂದಿನ ವರ್ಷ ನಮ್ಮ ಬೀದಿಯ ಆಚಾರ್ರ ಹತ್ತಿರ ಹೇಳಿಕೊಂಡೆ. ಅವರು ರೂಮಿಗೆ ಬಂದು ಒಂದು ಸಲ ಮೇಲೆ ನೋಡಿದರು. "ಸೂರಿಗೆ ಸುಣ್ಣ ಹೊಡೀರಿ ಸಾರ್, ಆಮೇಲೆ ಮಿಷಿನ್ನು ತಗೊಳ್ಳೋರಂತೆ" ಅಂದರು. ಅಷ್ಟೇ. ಅದೇ ಸರಿಯಾಗಿತ್ತು.

ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟು, ಸ್ವಲ್ಪ ಫೆವಿಕಾಲ್ ಥರದ ಅಂಟು ಸೇರಿಸಿ, ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಕಲಸಿಕೊಳ್ಳಿ. ಸಂಜೆ ಶೀಟು ಆರಿದ ಮೇಲೆ ನೀರು ಚಿಮುಕಿಸಿ ಬಳಿಯಿರಿ. ಉರಿಬಿಸಿಲಿನಲ್ಲಿ ಬಳಿದರೆ ಹಿಡಿಯುವುದೇ ಇಲ್ಲ, ಪುಡಿಯಾಗಿ ಉದುರುತ್ತದೆ. ಬಳಿಯುವಾಗ ಏನೂ ಬಿಳುಪು ಕಾಣುವುದಿಲ್ಲ, ಬರೀ ಕೊಳೆ ನೀರು ಸವರಿದ ಹಾಗೆ ಇರುತ್ತದೆ. ಗಾಬರಿಯಾಗಿ ದಪ್ಪಗೆ ಮೆತ್ತಬೇಡಿ. ಒಣಗುತ್ತಾ ಒಣಗುತ್ತಾ ಬಿಳಿ ಏಳುತ್ತದೆ, ಬೆಳಿಗ್ಗೆ ನೋಡಿದರೆ ಕಣ್ಣು ಕೋರೈಸುತ್ತದೆ. ಎರಡು ಕೋಟು ಸಾಕು. ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಮಳೆಗೆ ಇದು ತೊಳೆದುಹೋಗುತ್ತದೆ, ಹಾಗಾಗಿ ವರ್ಷ ವರ್ಷ ಹೊಡೆಯಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ, ಯುಗಾದಿಗೆ ಮುಂಚೆ, ಒಂದು ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಇದೇ ಕೆಲಸ. ನಿಮ್ಮದು ತಗಡಿನ ಶೀಟಾದರೆ ಸುಣ್ಣ ನಿಲ್ಲುವುದಿಲ್ಲ, ಪ್ರೈಮರ್ ಹೊಡೆದು ಅದರ ಮೇಲೆ ಸೂರಿಗೆಂದೇ ಬರುವ ಬಿಳಿ ಪೇಂಟ್ ಹೊಡೆಸಿ.

ಇಲ್ಲೊಂದು ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ. ನೋಡೋಕೆ ಗಟ್ಟಿ ಇದ್ದರೂ ಹಪ್ಪಳದ ಹಾಗೆ ಮುರಿಯುತ್ತದೆ, ಜನ ಬಿದ್ದು ಸತ್ತಿದ್ದಾರೆ. ಕೆಳಗಿನ ಕಂಬಿ ಎಲ್ಲಿದೆ ನೋಡಿಕೊಂಡು, ಎರಡು ಕಂಬಿಗೆ ಅಡ್ಡವಾಗಿ ಹಲಗೆ ಹಾಕಿ, ಅದರ ಮೇಲೆ ಕೂತು ಕೆಲಸ ಮಾಡಿ, ಇಲ್ಲವೇ ಏಣಿಯ ಮೇಲೆ ನಿಂತು ಉದ್ದ ಕೋಲಿನ ರೋಲರ್ ಬಳಸಿ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಹೊಸದರಲ್ಲೂ ಇರಬಹುದು. ಒಣಗಿದ್ದಾಗ ಉಜ್ಜುವುದು, ಕೆರೆಯುವುದು, ತೂತು ಕೊರೆಯುವುದು ಬೇಡವೇ ಬೇಡ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕಾಯಿಲೆಯಾಗಿ ಬರುತ್ತದೆ. ಪಾಚಿ ತೆಗೆಯಬೇಕಿದ್ದರೆ ಚೆನ್ನಾಗಿ ನೆನೆಸಿ ಮೆತ್ತಗಿನ ಪೊರಕೆಯಲ್ಲಿ ತಳ್ಳಿ.

ಸುಣ್ಣದ ಮೇಲೆ ನಾನು ಮಾಡಿದ ಎರಡನೇ ಕೆಲಸ ನೆರಳು. ನರ್ಸರಿಗಳಲ್ಲಿ ಕಟ್ಟುತ್ತಾರಲ್ಲ, ಆ ಶೇಡ್ ನೆಟ್. ಇದನ್ನು ಸುಮ್ನೆ ಶೀಟಿನ ಮೇಲೆ ಹಾಸಿದರೆ ಉಪಯೋಗ ಕಡಿಮೆ, ನೆಟ್ಟೇ ಕಾದು ಆ ಕಾವನ್ನು ಶೀಟಿಗೆ ಕೊಡುತ್ತದೆ. ಒಂದಡಿಯಾದರೂ ಮೇಲೆ, ನಾಲ್ಕು ಮೂಲೆಗೆ ಪೈಪ್ ನಿಲ್ಲಿಸಿ ಕಟ್ಟಬೇಕು, ಮಧ್ಯೆ ಗಾಳಿ ಆಡಬೇಕು. ಮದುವೆ ಮನೆ ಚಪ್ಪರದ ಕೆಳಗೆ ತಣ್ಣಗಿರುವುದು ಇದಕ್ಕೇ. ತೆಂಗಿನ ಗರಿ ಇನ್ನೂ ತಂಪು, ಆದರೆ ಗ್ರೈಂಡರಿನ ಕಿಡಿ ಹಾರುವ ಜಾಗದ ಮೇಲೆ ಒಣ ಗರಿ ಹಾಕೋಕೆ ನನಗೆ ಧೈರ್ಯ ಬರಲಿಲ್ಲ. ಇದೇ ಕಾರಣಕ್ಕೆ ಶೀಟಿನ ಕೆಳಗೆ ಥರ್ಮಾಕೋಲ್ ಅಂಟಿಸಬೇಡಿ. ಅಗ್ಗ, ಸುಲಭ, ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತಾ ತಲೆ ಮೇಲೇ ಬೀಳುತ್ತದೆ. ಒಳಗಿನಿಂದ ಏನಾದರೂ ಮಾಡಲೇಬೇಕು ಅಂದರೆ ಜಿಪ್ಸಮ್ ಬೋರ್ಡ್ ಹಾಕಿಸಿ, ಮೇಲೆ ಜಾಗ ಬಿಟ್ಟು.

ಇಷ್ಟು ಮಾಡಿದ ಮೇಲೆ ನನ್ನ ರೂಮಿನಲ್ಲಿ ಏನಾಯಿತು ಅಂದರೆ, ಮೊದಲು ಏಪ್ರಿಲ್‌ನಲ್ಲಿ ಹೊರಗೆ ನೆರಳಿನಲ್ಲಿ 35 ಇದ್ದಾಗ ಬೆಂಚಿನ ಮೇಲಿನ ಥರ್ಮಾಮೀಟರು 42 ತೋರಿಸುತ್ತಿತ್ತು, ಈಗ 36 ದಾಟುವುದಿಲ್ಲ. 36 ಕೂಡ ಬಿಸಿಯೇ, ಆದರೆ ತಲೆ ಮೇಲೆ ಆ ಕಾದ ದೋಸೆ ಹೆಂಚು ಇಲ್ಲ. ಕೆಲಸ ಮಾಡಬಹುದು.

ಗಾಳಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಸಿ ಗಾಳಿ ಸೂರಿನ ಕೆಳಗೆ ಸೇರಿಕೊಂಡಿರುತ್ತದೆ, ಆದ್ದರಿಂದ ಎಕ್ಸಾಸ್ಟ್ ಫ್ಯಾನ್ ಗೋಡೆಯ ತುತ್ತತುದಿಯಲ್ಲಿರಬೇಕು, ಗಾಳಿ ಬರುವ ಕಿಂಡಿ ಎದುರು ಗೋಡೆಯಲ್ಲಿ ತಗ್ಗಿನಲ್ಲಿರಬೇಕು, ಸಾಧ್ಯವಾದರೆ ನೆರಳಿರುವ ಉತ್ತರ ದಿಕ್ಕಿಗೆ. ನಾನು ಎಸ್‌ಜೆಪಿ ರಸ್ತೆಯಿಂದ 12 ಇಂಚಿನದು ತಂದು ಹಾಕಿದ್ದೇನೆ. ಸೀಲಿಂಗ್ ಫ್ಯಾನ್ ಇದ್ದರೆ ಮಧ್ಯಾಹ್ನ ಅದನ್ನು ಹಾಕಬೇಡಿ, ಮೇಲಿನ ಬಿಸಿಯನ್ನೆಲ್ಲಾ ನಿಮ್ಮ ಮೇಲೇ ತಳ್ಳುತ್ತದೆ. ಬೆಂಚಿನ ಎತ್ತರಕ್ಕೆ ಒಂದು ಗೋಡೆ ಫ್ಯಾನ್ ಸಾಕು, ಮರದ ಪುಡಿಯನ್ನು ಮುಖಕ್ಕೆ ಎರಚದ ಹಾಗೆ ತಿರುಗಿಸಿಕೊಳ್ಳಿ. ಮೆಷಿನ್‌ಗಳ ಮೋಟಾರ್ ಗಾಳಿಕಿಂಡಿಯಲ್ಲಿ ಪುಡಿ ಕಟ್ಟಿಕೊಂಡಿದ್ದರೆ ಬೇಸಿಗೆಯಲ್ಲಿ ಬೇಗ ಕಾಯುತ್ತವೆ, ವಾರಕ್ಕೊಮ್ಮೆ ಊದಿ ತೆಗೆಯಿರಿ.

ಈಗ ಕೂಲರ್. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಗಾಳಿ ಒಣಗಿರುತ್ತದೆ, ಹಾಗಾಗಿ ಕೂಲರ್ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮಂಗಳೂರಿನ ಹಾಗಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಹೀರಿಕೊಳ್ಳುತ್ತದೆ. ಆದರೆ ಕೂಲರ್ ಹೊರಗಿನ ಗಾಳಿ ಎಳೆಯಬೇಕು, ಎದುರುಗಡೆ ಕಿಟಕಿ ತೆರೆದಿರಬೇಕು, ಬಂದ ಗಾಳಿ ಹೋಗುತ್ತಲೇ ಇರಬೇಕು. ಮಾವಿನ ಮಳೆ ಶುರುವಾದ ಮೇಲೆ ಗಾಳಿಯಲ್ಲಿ ತೇವ ಜಾಸ್ತಿ, ಆಗ ನೀರು ಹಾಕದೆ ಬರೀ ಫ್ಯಾನ್ ಮಾಡಿಕೊಳ್ಳಿ. ಪಾಲಿಶ್ ಹೊಡೆಯುವ ದಿನ ಕೂಲರ್ ಬೇಡ, ಮೇಲ್ಮೈ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಕೆಲಸ ಮುಗಿದ ಮೇಲೆ ಉಳಿ, ಉಜ್ಜುಗೊರಡಿಗೆಲ್ಲಾ ಎಣ್ಣೆ ಬಟ್ಟೆ ಸವರಿ. ಅಗಸೆ ಎಣ್ಣೆಯ ಬಟ್ಟೆಯಾದರೆ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ, ಹೊರಗೆ ಬಿಡಿಸಿ ಒಣಹಾಕಿ.

ಸೂರಿಗೆ ನೀರು ಚಿಮುಕಿಸುವುದು ನಿಜವಾಗಲೂ ತಂಪು, ಆದರೆ 2024ರ ಬೇಸಿಗೆಯಲ್ಲಿ ಈ ಊರು ಒಂದೊಂದು ಬಿಂದಿಗೆಗೆ ಪಟ್ಟ ಪಾಡು ನೋಡಿದ ಮೇಲೆ ಕುಡಿಯುವ ನೀರನ್ನು ಸೂರಿಗೆ ಸುರಿಯೋಕೆ ನನಗೆ ಮನಸ್ಸು ಬರುವುದಿಲ್ಲ. ಆರ್‌ಒ ಮೆಷಿನ್ ಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಅದನ್ನೇ ಚಿಮುಕಿಸುತ್ತೇನೆ.

ಇನ್ನು ಹೊತ್ತು. ನಮ್ಮೂರಿಗೆ ಒಂದು ಭಾಗ್ಯ ಇದೆ, ಎಂಥ ಬೇಸಿಗೆಯಲ್ಲೂ ಬೆಳಗಿನ ಜಾವ ತಂಪಿರುತ್ತದೆ. ಶೀಟು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಆರು ಗಂಟೆಗೆ ಎದ್ದು ಗುರುತು ಹಾಕುವುದು, ಉಳಿ ಮಸೆಯುವುದು, ಕೈಯಲ್ಲಿ ಉಜ್ಜುವುದು ಮಾಡುತ್ತೇನೆ, ಎಂಟೂವರೆ ಮೇಲೆ ಮೆಷಿನ್, ಅಕ್ಕಪಕ್ಕದವರೂ ಮನುಷ್ಯರೇ ಅಲ್ವಾ. ಅಂಟು ಹಚ್ಚುವ ಕೆಲಸವನ್ನೂ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಫೆವಿಕಾಲ್ ಹಚ್ಚಿ ಕ್ಲಾಂಪ್ ಎತ್ತಿಕೊಳ್ಳುವಷ್ಟರಲ್ಲಿ ಕೆನೆ ಕಟ್ಟಿರುತ್ತದೆ, ಜೋಡಣೆ ಸರಿಯಾಗಿ ಕೂರುವುದಿಲ್ಲ. ಡ್ರಿಲ್ಲಿನ ಬ್ಯಾಟರಿಯನ್ನು ರೂಮಿನಲ್ಲಿ ಬಿಡಬೇಡಿ, ಕೆಳಗೆ ಮನೆಗೆ ತನ್ನಿ. ಮಧ್ಯಾಹ್ನ ತಲೆ ಹಗುರ ಆದಂತೆ ಅನಿಸಿದರೆ ತಿರುಗುವ ಗರಗಸದ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಆಫ್ ಮಾಡಿ, ಕೆಳಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಇದೆಲ್ಲಾ ಆದ ಮೇಲೂ ಎಸಿ ಬೇಕು ಅನಿಸಿದರೆ ಹಾಕಿಸಿ, ಆಗ ಒಂದು ಟನ್ ಸಾಕಾಗಬಹುದು, ಫಿಲ್ಟರ್ ಮಾತ್ರ ವಾರ ವಾರ ತೊಳೆಯಬೇಕು, ಮರದ ಪುಡಿ ಅದನ್ನು ಮುಚ್ಚಿಹಾಕುತ್ತದೆ. ನಿಮ್ಮ ಶೀಟು ಸಿಮೆಂಟಿನದೋ ತಗಡಿನದೋ, ಕಿಟಕಿ ಯಾವ ದಿಕ್ಕಿಗಿದೆ, ಅದನ್ನು ಬರೆಯಿರಿ. ಎಕ್ಸಾಸ್ಟ್ ಎಲ್ಲಿ ಹಾಕಬೇಕು ಅಂತ ನೋಡಿ ಹೇಳುತ್ತೇನೆ.